ಸಾವಿರದೊಳಗಿನ ಡ್ರೆಸ್ ಭಾರಿ ಕಾಣಬೇಕಾ? ಮೊದಲು ಒಳಗಡೆ ತಿರುವಿ ನೋಡಿ

ಹುಬ್ಬಳ್ಳಿಯ ದುರ್ಗದಬೈಲು ಮಾರ್ಕೆಟ್ಟಿನ ಆರುನೂರು ರೂಪಾಯಿ ಡ್ರೆಸ್ಸು, ದೊಡ್ಡ ಶೋರೂಮಿನ ಮೂರು ಸಾವಿರದ ಡ್ರೆಸ್ಸು ಎರಡನ್ನೂ ಅಕ್ಕಪಕ್ಕ ಹಾಸಿ ನೋಡಿ. ವ್ಯತ್ಯಾಸ ಕಾಣೋದು ಮೂರೇ ಕಡೆ. ಅರಿವಿ, ಅಂದರೆ ಬಟ್ಟೆ, ಹೇಗೆ ಇಳಿಬೀಳುತ್ತದೆ, ಭುಜ ಎಲ್ಲಿ ಕೂರುತ್ತದೆ, ಹೊಲಿಗೆ ಎಷ್ಟು ನೀಟಾಗಿದೆ. ಕಲ್ಲು, ಮಿಂಚು, ಲೇಸು ಎಲ್ಲ ಆಮೇಲಿನ ಮಾತು. ಕಡಿಮೆ ದುಡ್ಡಿನಲ್ಲಿ ಅಲಂಕಾರವೂ ಇರಬೇಕು, ಒಳ್ಳೆ ಅರಿವಿಯೂ ಇರಬೇಕು ಅಂದರೆ ಎರಡರಲ್ಲಿ ಒಂದು ಕಳಪೆ ಆಗೇ ಆಗುತ್ತದೆ, ಮತ್ತೆ ಸಾಮಾನ್ಯವಾಗಿ ಅದು ಅರಿವಿಯೇ ಆಗಿರುತ್ತದೆ. ಹಾಗಾಗಿ ಸಾದಾ ಡ್ರೆಸ್ ತಗೊಳ್ಳಿ. ಉಳಿದ ದುಡ್ಡನ್ನು ಟೇಲರ್ ಕೈಗೆ ಕೊಡಿ.

ಹೋಗೋದಾದರೆ ಹಗಲು ಹೊತ್ತಿನಲ್ಲೇ ಹೋಗಿ. ಸಂಜೆಯ ದುರ್ಗದಬೈಲು ಮಿರ್ಚಿ, ಗಿರಮಿಟ್ ತಿನ್ನೋಕೆ ಸರಿ, ಬಣ್ಣ ಆರಿಸೋಕೆ ಅಲ್ಲ. ಅಂಗಡಿಯ ಬಿಳಿ ಲೈಟಿನಲ್ಲಿ ಎಲ್ಲ ಬಣ್ಣವೂ ಹೊಳೆಯುತ್ತದೆ. ಡ್ರೆಸ್ ಹಿಡಿದುಕೊಂಡು ಬಾಗಿಲ ತನಕ ಬನ್ನಿ, ಬಿಸಿಲಿಗೆ ಹಿಡಿದು ನೋಡಿ. ಅಂಗಡಿಯವರು ಏನೂ ಅಂದುಕೊಳ್ಳುವುದಿಲ್ಲ, ದಿನಾ ಹತ್ತು ಜನ ಹಾಗೇ ಮಾಡುತ್ತಾರೆ.

ಮೊದಲ ಹೆಜ್ಜೆ: ಅರಿವಿ ಹಿಡಿದು ನೋಡೋದು

ಡ್ರೆಸ್ಸಿನ ಕೆಳತುದಿಯನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದು ಹತ್ತು ಎಣಿಸಿ ಬಿಡಿ. ಮುದುಡಿದ ಗೆರೆಗಳು ಹಾಗೇ ನಿಂತವಾ? ಹಾಗಾದರೆ ಅದನ್ನು ಉಟ್ಟು ಬಸ್ಸಿನಲ್ಲಿ ಹುಬ್ಬಳ್ಳಿಯಿಂದ ಧಾರವಾಡ ಮುಟ್ಟುವಷ್ಟರಲ್ಲಿ ಹಿಂಭಾಗ ಪೂರ್ತಿ ಸುಕ್ಕಾಗಿರುತ್ತದೆ. ಆಮೇಲೆ ಬೆಳಕಿಗೆ ಅಡ್ಡ ಹಿಡಿಯಿರಿ. ನಿಮ್ಮ ಬೆರಳು ಸ್ಪಷ್ಟವಾಗಿ ಕಂಡರೆ ಒಳಗೆ ಅಸ್ತರ್ ಬೇಕೇ ಬೇಕು. ಅಸ್ತರ್ ಇಲ್ಲದ ತೆಳು ಡ್ರೆಸ್ ಎಷ್ಟೇ ಚೆಂದದ ಬಣ್ಣದ್ದಾಗಿರಲಿ, ಮೈಮೇಲೆ ಅಗ್ಗವಾಗಿಯೇ ಕಾಣುತ್ತದೆ.

ಕಡಿಮೆ ದರದಲ್ಲಿ ಚೆನ್ನಾಗಿ ಇಳಿಬೀಳೋದು ರೇಯಾನ್. ಕೈಗೆ ತಂಪು, ನೋಡೋಕೆ ಮೆತ್ತಗೆ. ಆದರೆ ಮೊದಲ ಒಗೆತಕ್ಕೆ ಕುಗ್ಗುತ್ತದೆ, ಅದಕ್ಕೇ ಉದ್ದ ಒಂದೆರಡು ಇಂಚು ಜಾಸ್ತಿ ಇರೋದನ್ನೇ ಆರಿಸಿ. ಕ್ರೇಪ್, ಜಾರ್ಜೆಟ್ ಈ ಬೆಲೆಯಲ್ಲಿ ಹೆಚ್ಚಾಗಿ ಪಾಲಿಯೆಸ್ಟರೇ. ಅದರಲ್ಲೇನೂ ತಪ್ಪಿಲ್ಲ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಬೇಗ ಒಣಗೋದು ಅದೇ, ಇಸ್ತ್ರಿಯೂ ಅಷ್ಟು ಬೇಡ. ಆದರೆ ಏಪ್ರಿಲ್ ಬಿಸಿಲಿನಲ್ಲಿ ಗದಗದ ಕಡೆ ಮದುವೆಗೆ ಹೋಗೋದಿದ್ದರೆ ಬೇಡವೇ ಬೇಡ. ಬೆವರು ಹೀರುವುದಿಲ್ಲ, ಬೆನ್ನಿಗೆ ಅಂಟಿಕೊಳ್ಳುತ್ತದೆ. ಫಳಫಳ ಹೊಳೆಯುವ ಸ್ಯಾಟಿನ್ ಅಂತೂ ಕಡಿಮೆ ಬೆಲೆಯಲ್ಲಿ ತಗೊಳ್ಳಲೇಬೇಡಿ, ಪ್ರತಿ ಹೊಲಿಗೆಯ ಸೆಳೆತವೂ ಅದರ ಮೇಲೆ ಎದ್ದು ಕಾಣುತ್ತದೆ.

‘ಪ್ಯೂರ್ ಕಾಟನ್ ಐತ್ರಿ ಅಕ್ಕಾರ’ ಅಂತಾರೆ. ಮೀಟರ್ ಅರಿವಿಯಾದರೆ ಅಂಚಿನಿಂದ ಒಂದೆರಡು ಎಳೆ ಬಿಡಿಸಿಕೊಂಡು ಮನೆಯಲ್ಲಿ ಕಡ್ಡಿ ಗೀರಿ ನೋಡಬಹುದು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಬೂದಿ ಹಗುರ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ರೇಷ್ಮೆ ಕೂದಲು ಸುಟ್ಟಂತೆ ನಾರುತ್ತದೆ. ರೇಯಾನ್ ಮಾತ್ರ ಹತ್ತಿಯ ಹಾಗೇ ಉರಿಯುತ್ತದೆ, ಅದನ್ನು ಈ ಪರೀಕ್ಷೆಯಿಂದ ಬೇರೆ ಮಾಡೋಕೆ ಬರುವುದಿಲ್ಲ.

ಎರಡನೆಯದು: ಒಳಮೈ ತಿರುವೋದು

ಇದನ್ನು ತುಂಬ ಜನ ಮಾಡುವುದೇ ಇಲ್ಲ. ಆದರೆ ಡ್ರೆಸ್ಸಿನ ನಿಜವಾದ ಬೆಲೆ ಗೊತ್ತಾಗೋದೇ ಇಲ್ಲಿ. ಪಕ್ಕದ ಹೊಲಿಗೆಯನ್ನು ಅಗಲಿಸಿ ಹಿಡಿಯಿರಿ. ಹೊಲಿಗೆಯ ಆಚೆ ಎಷ್ಟು ಅರಿವಿ ಬಿಟ್ಟಿದ್ದಾರೆ? ಒಂದು ಇಂಚಿನ ಹತ್ತಿರ ಮಾರ್ಜಿನ್ ಇದ್ದರೆ ನಾಳೆ ಬಿಚ್ಚಿ ದೊಡ್ಡದು ಮಾಡಬಹುದು. ಕಡ್ಡಿಯಷ್ಟೇ ಇದ್ದು, ಮೇಲೆ ಇಂಟರ್‌ಲಾಕ್ ಹೊಡೆದು ಮುಗಿಸಿದ್ದರೆ ಆ ಡ್ರೆಸ್ಸಿಗೆ ಮುಂದಿನ ದಾರಿ ಇಲ್ಲ. ಹೊಲಿಗೆಯನ್ನು ಎರಡೂ ಕಡೆಯಿಂದ ಮೆಲ್ಲಗೆ ಎಳೆಯಿರಿ. ನಡುವೆ ದಾರ ಹಲ್ಲು ಕಿರಿದ ಹಾಗೆ ಕಂಡರೆ ಅಲ್ಲೇ ಇಟ್ಟುಬಿಡಿ.

ಚೌಕಳಿ, ಗೆರೆ, ದೊಡ್ಡ ಹೂವಿನ ಡಿಸೈನ್ ಇದ್ದರೆ ಪಕ್ಕದ ಹೊಲಿಗೆ ಮೇಲೆ ಕಣ್ಣಿಡಿ. ಮುಂದಿನ ಗೆರೆ ಹಿಂದಿನ ಗೆರೆಗೆ ಬಂದು ಕೂಡುತ್ತಾ? ಕೂಡಿಸಬೇಕಾದರೆ ಅರಿವಿ ಜಾಸ್ತಿ ಹೋಗುತ್ತದೆ, ಹಾಗಾಗಿ ಅಗ್ಗದ ಡ್ರೆಸ್ಸುಗಳಲ್ಲಿ ಇದನ್ನು ಮಾಡುವುದಿಲ್ಲ. ದೂರದಿಂದ ನೋಡಿದವರಿಗೆ ಕಾರಣ ಗೊತ್ತಾಗದಿದ್ದರೂ ಏನೋ ಸರಿಯಿಲ್ಲ ಅನಿಸೋದು ಇದರಿಂದಲೇ. ಸಾವಿರದೊಳಗೆ ಪ್ಲೇನ್ ಅಥವಾ ಸಣ್ಣ ಚುಕ್ಕಿಯ ಪ್ರಿಂಟೇ ಕ್ಷೇಮ. ಕೆಳತುದಿಯ ಮಡಿಕೆ ಅಗಲವಾಗಿದ್ದಷ್ಟೂ ಡ್ರೆಸ್ ತೂಕದಿಂದ ನೆಟ್ಟಗೆ ಬೀಳುತ್ತದೆ.

ಬಣ್ಣದ ವಿಷಯ

ಪ್ಲೇನ್ ತಗೊಳ್ಳುವಾಗ ಕಡು ಹಸಿರು, ಮರೂನ್, ಕಡುನೀಲಿ, ಸಾಸಿವೆ ಹಳದಿ ಚೆನ್ನಾಗಿ ಕಾಣುತ್ತವೆ. ಅಗ್ಗದ ಹತ್ತಿಯ ಕಪ್ಪು ನಾಲ್ಕು ಒಗೆತಕ್ಕೆ ಬೂದು ಆಗಿಬಿಡಬಹುದು, ಹುಷಾರು. ಕರ್ಚೀಫಿನ ತುದಿ ಒದ್ದೆ ಮಾಡಿ ಒಳಮೈಯಲ್ಲಿ ಒಂದು ಕಡೆ ತಿಕ್ಕಿ ನೋಡಿ. ಬಣ್ಣ ಹತ್ತಿದರೆ ಬೇಡ ಅನ್ನಿ.

ಟೇಲರ್ ಹತ್ತಿರ ಏನಾಗುತ್ತದೆ, ಏನಾಗುವುದಿಲ್ಲ

ಹಾಕಿಕೊಂಡು ನೋಡುವಾಗ ಮೊದಲು ಭುಜ ನೋಡಿ. ತೋಳಿನ ಹೊಲಿಗೆ ಭುಜದ ಎಲುಬಿನ ತುದಿಯಲ್ಲೇ ಕೂರಬೇಕು. ಅದು ಕೆಳಗೆ ಜಾರಿದ್ದರೆ ಬೇರೆಯವರ ಡ್ರೆಸ್ ಹಾಕಿಕೊಂಡ ಹಾಗೆ ಕಾಣುತ್ತದೆ, ಅದನ್ನು ಸರಿ ಮಾಡೋದು ಟೇಲರ್‌ಗೂ ತಲೆನೋವು. ಸೊಂಟ, ಪಕ್ಕ, ತೋಳಿನ ಅಗಲ, ಉದ್ದ ಇವೆಲ್ಲ ಸುಲಭ. ಭುಜ ಸರಿ ಇದ್ದು ಸೊಂಟ ಸಡಿಲ ಇರೋದನ್ನು ಧೈರ್ಯವಾಗಿ ತಗೊಳ್ಳಿ. ನಿಮ್ಮ ಓಣಿಯ ಟೇಲರ್ ಹತ್ತಿರ ಎರಡೂ ಪಕ್ಕ ಹಿಡಿಸಿ, ಪ್ಲಾಸ್ಟಿಕ್ ಗುಂಡಿ ತೆಗೆಸಿ ಕಟ್ಟಿಗೆಯದೋ ಅರಿವಿ ಸುತ್ತಿದ್ದೋ ಹಚ್ಚಿಸಿ. ಎದೆ ಮೇಲೆ ಅಂಟಿಸಿದ ಕಲ್ಲು, ಗೊಂಡೆ ಇದ್ದರೆ ಬಿಚ್ಚಿಸಿಬಿಡಿ. ಸಣ್ಣ ಖರ್ಚು, ಆದರೆ ಡ್ರೆಸ್ಸಿನ ರೂಪವೇ ಬದಲಾಗುತ್ತದೆ.

ನಮ್ಮ ಕಡೆಯ ಅರಿವಿ ಇರುವಾಗ

ಈ ವಿಷಯದಲ್ಲಿ ನಾವು ಪುಣ್ಯವಂತರು. ರೆಡಿಮೇಡ್ ಬೇಡ ಅನಿಸಿದರೆ ಗುಳೇದಗುಡ್ಡದ ಖಣ ಅರ್ಧ ಮೀಟರ್ ತಂದು ಪ್ಲೇನ್ ಹತ್ತಿ ಡ್ರೆಸ್ಸಿನ ಎದೆಭಾಗಕ್ಕೆ ಇಡಿಸಿ. ಪೂರ್ತಿ ಖಣದಲ್ಲೇ ಹೊಲಿಸೋದಾದರೆ ಮೊದಲು ಪನ್ನಾ ಕೇಳಿ, ಕುಪ್ಪಸಕ್ಕೆ ಅಂತ ನೇಯ್ದದ್ದು ಅಗಲ ಕಡಿಮೆ ಇರುತ್ತದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ, ರಾಷ್ಟ್ರಧ್ವಜ ತಯಾರಾಗುವ ಖಾದಿ ಕೇಂದ್ರ ನಮ್ಮ ಊರಲ್ಲೇ ಇದೆ. ಖಾದಿಯ ಒರಟುತನವೇ ಅದರ ಅಂದ, ಗಾಂಧಿ ಜಯಂತಿ ಹೊತ್ತಿಗೆ ಖಾದಿ ಅಂಗಡಿಗಳಲ್ಲಿ ರಿಯಾಯಿತಿಯೂ ಸಿಗುತ್ತದೆ.

ಮನೆಯ ಟ್ರಂಕಿನಲ್ಲಿ ಅವ್ವನದೋ ಅಜ್ಜಿಯದೋ ಹಳೇ ಇಳಕಲ್ ಸೀರೆ ಇದ್ದರಂತೂ ಬರೀ ಹೊಲಿಗೆ ದುಡ್ಡಿನಲ್ಲಿ ಮುಗಿಯಿತು. ಕೇಳಿಯೇ ತಗೊಳ್ಳಿ, ಅವರಿಗೆ ಅದು ಬರೀ ಸೀರೆ ಅಲ್ವಾ. ಮೊದಲು ಬೆಳಕಿಗೆ ಹಿಡಿದು ಎಲ್ಲಿ ಸವೆದಿದೆ ನೋಡಿ ಗುರುತು ಹಾಕಿ. ಇಳಕಲ್‌ನಲ್ಲಿ ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಒಡಲು ಹತ್ತಿ, ಸೆರಗು ರೇಷ್ಮೆ ಇದ್ದರೆ ಎರಡೂ ಒಂದೇ ಥರ ಕುಗ್ಗುವುದಿಲ್ಲ. ಆ ಕೂಡುಗೆರೆ ಕಂಕುಳಿಗೆ, ಸೊಂಟಕ್ಕೆ ಬರದ ಹಾಗೆ ಕತ್ತರಿಸಲು ಹೇಳಿ. ಇಳಕಲ್‌ನ ತೋಪು ತೆನೆ ವಿನ್ಯಾಸದ ಸೆರಗು ಕೆಳತುದಿಗೆ ಬಂದರೆ ಬೇರೆ ಅಲಂಕಾರವೇ ಬೇಡ.

ಕಸೂತಿ ಇರುವ ಡ್ರೆಸ್ ಅಂತ ಕಡಿಮೆ ಬೆಲೆಗೆ ಕೊಟ್ಟರೆ ಹಿಂಭಾಗ ತಿರುವಿ. ಕೈಯಲ್ಲಿ ಹಾಕಿದ ಗವಂತಿ, ಮುರ್ಗಿ ಅನ್ನೋ ಕಸೂತಿ ಹೊಲಿಗೆಗಳು ಎರಡೂ ಕಡೆ ಒಂದೇ ಥರ ಕಾಣುತ್ತವೆ, ಗಂಟು ಇರುವುದಿಲ್ಲ. ಹಿಂದೆ ಬಿಳಿ ದಾರ, ಅಂಟಿಸಿದ ಕಾಗದ ಕಂಡರೆ ಮಷಿನ್‌ನದ್ದು. ಮೈತುಂಬ ಮಷಿನ್ ಕಸೂತಿ ಇರೋದಕ್ಕಿಂತ ಕೊರಳಿನ ಹತ್ತಿರ ಕೈಯಲ್ಲಿ ಹಾಕಿದ ಒಂದೇ ಗೋಪುರದ ಚಿತ್ತಾರ ಇರಲಿ. ಹೊಲಿದವರ ಶ್ರಮಕ್ಕೆ ಅಲ್ಲಿ ಚೌಕಾಶಿ ಮಾಡಬೇಡಿ.

ಬಿಲ್ ಕೇಳಿ ತಗೊಳ್ಳಿ, ಅಳತೆ ಬದಲಿಸೋಕೆ ಬೇಕಾಗುತ್ತದೆ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಸಿದ್ಧ ಉಡುಪಿಗೆ ಜಿಎಸ್‌ಟಿ ಶೇ 5, ಅದಕ್ಕಿಂತ ಮೇಲಾದರೆ ಶೇ 18. ಅದನ್ನೂ ಒಮ್ಮೆ ನೋಡಿಕೊಳ್ಳಿ.

ಮನೆಗೆ ತಂದ ಮೇಲೆ ಮೊದಲ ಸಲ ತಣ್ಣೀರಿನಲ್ಲಿ ಬೇರೆಯಾಗಿ ಒಗೆಯಿರಿ, ಒಳಮೈ ತಿರುವಿ ನೆರಳಲ್ಲಿ ಒಣಗಿಸಿ. ಆಲ್ಟರ್ ಮಾಡಿಸೋದು ಈ ಒಗೆತ ಆದ ಮೇಲೆಯೇ, ಮೊದಲೇ ಪಕ್ಕ ಹಿಡಿಸಿದರೆ ಕುಗ್ಗಿದಾಗ ಬಿಗಿಯಾಗುತ್ತದೆ. ಇಸ್ತ್ರಿಯನ್ನೂ ಒಳಮೈ ಕಡೆಯಿಂದಲೇ ಹಾಕಿ, ಕಡು ಬಣ್ಣದ ಮೇಲೆ ನೇರ ಕಾವು ಬಿದ್ದರೆ ಹೊಲಿಗೆ ಇರುವಲ್ಲೆಲ್ಲ ಹೊಳಪಿನ ಗೆರೆ ಮೂಡುತ್ತದೆ.