ಪೌಂಡಿಗೆ ಒಂದು ಸೆಂಟ್: ಬರ್ಗರ್ ದರದ ಲೆಕ್ಕ ಹಾಕಿದ ನನ್ನ ಅನುಭವ

ಅಮೆರಿಕದ ಬರ್ಗರ್ ಕಂಪನಿಯೊಂದರ ಖರೀದಿ ವಿಭಾಗದಲ್ಲಿ ಮೆನು ದರ ನಿಗದಿಪಡಿಸುವುದು ನನ್ನ ಕೆಲಸ. ಫ್ಲಾರಿಡಾದಲ್ಲಿ ಟೊಮೆಟೊ ಕೀಳುವ ಕಾರ್ಮಿಕರಿಗೆ ಪೌಂಡಿಗೆ ಒಂದು ಸೆಂಟ್ ಹೆಚ್ಚುವರಿಯಾಗಿ ಕೊಡುವ ‘ಫೇರ್ ಫುಡ್’ ಒಪ್ಪಂದಕ್ಕೆ ನಾವೂ ಸೇರಬೇಕೆ ಎಂಬ ಚರ್ಚೆ ಬಂದಾಗ, ಆ ಹೊರೆ ಗ್ರಾಹಕರ ತಲೆಯ ಮೇಲೆ ಬೀಳುತ್ತದೆ ಎಂಬ ಆಕ್ಷೇಪವೇ ಮೊದಲು ಕೇಳಿಬಂದಿತು. ಆದ್ದರಿಂದ ಲೆಕ್ಕವನ್ನು ಬರ್ಗರಿನಿಂದಲೇ ಆರಂಭಿಸಿದೆ.

ನಮ್ಮ ಬರ್ಗರಿನಲ್ಲಿ ಎರಡು ಬಿಲ್ಲೆ ಟೊಮೆಟೊ, ಅಂದರೆ ಸುಮಾರು 40 ಗ್ರಾಂ ಇರುತ್ತದೆ. ಕತ್ತರಿಸಿ ಬಿಸಾಡುವ ತುದಿಗಳನ್ನೂ ಕೊಳೆತ ಹಣ್ಣನ್ನೂ ಸೇರಿಸಿದರೆ ಖರೀದಿಯ ಲೆಕ್ಕಕ್ಕೆ 50 ಗ್ರಾಂ. 454 ಗ್ರಾಮಿನ ಪೌಂಡಿಗೆ 9 ಬರ್ಗರ್ ಆಗುವುದರಿಂದ, ಆ ಒಂಬತ್ತಕ್ಕೂ ಸೇರಿ ಬೀಳುವ ಹೆಚ್ಚುವರಿ ಖರ್ಚು ಒಂದೇ ಸೆಂಟ್. 25 ಪೌಂಡಿನ ಪೆಟ್ಟಿಗೆಗೆ 25 ಸೆಂಟ್ ಹೆಚ್ಚಾಗುತ್ತದೆ. ಚಳಿ ಹೆಚ್ಚಾಗಿ ಬೆಳೆ ಸುಟ್ಟುಹೋದ ವರ್ಷ ಅದೇ ಪೆಟ್ಟಿಗೆಯ ಬೆಲೆ ಹಲವು ಡಾಲರ್ ಏರುತ್ತದೆ, ಆಗಲೂ ನಾವು ಮೆನು ಫಲಕವನ್ನು ಮುಟ್ಟುವುದಿಲ್ಲ.

ಕೀಳುವವರ ಕಡೆಯಿಂದ ನೋಡಿದಾಗ ಆ ಸೆಂಟಿನ ತೂಕವೇ ಬೇರೆ. ಫ್ಲಾರಿಡಾದ ಟೊಮೆಟೊ ಬೆಳೆಯುವ ಊರಾದ ಇಮ್ಮೋಕಲೀ ಸುತ್ತಲಿನ ಹೊಲಗಳಲ್ಲಿ ಹಸಿರು ಕಾಯಿಯನ್ನೇ ಕಿತ್ತು, ಸುಮಾರು 32 ಪೌಂಡ್ ಹಿಡಿಯುವ ಬಕೆಟ್ ತುಂಬಿಸಿ, ಹೆಗಲ ಮೇಲೆ ಹೊತ್ತು ಓಡಿ ಲಾರಿಯ ಮೇಲಿದ್ದವನಿಗೆ ಎಸೆಯುತ್ತಾರೆ. ಕೂಲಿ ಹೆಚ್ಚಳಕ್ಕಾಗಿ ಈ ಕಾರ್ಮಿಕರ ಹೋರಾಟ ಆರಂಭವಾದ ದಿನಗಳಲ್ಲಿ ಒಂದು ಬಕೆಟ್‌ಗೆ ಸಿಗುತ್ತಿದ್ದದ್ದು 40ರಿಂದ 50 ಸೆಂಟ್. ಅಂಚಿನ ಮೇಲೆ ಗುಡ್ಡೆಯಾಗಿ ಪೇರಿಸಿದರೆ ಮಾತ್ರ ಲೆಕ್ಕಕ್ಕೆ ಹಿಡಿಯುತ್ತಿದ್ದರು, ಆ ಗುಡ್ಡೆಗೆ ಕೂಲಿಯಿರಲಿಲ್ಲ. ಒಪ್ಪಂದದ ನಿಯಮದ ಪ್ರಕಾರ ಈಗ ಅಂಚಿನ ಮಟ್ಟಕ್ಕೆ ತುಂಬಿದರೆ ಸಾಕು. ನನ್ನ ದೃಷ್ಟಿಯಲ್ಲಿ ಇದು ಹೆಚ್ಚುವರಿ ಸೆಂಟಿನಷ್ಟೇ ದೊಡ್ಡ ಗೆಲುವು, ಏಕೆಂದರೆ ಅಮೆರಿಕದ 1938ರ ಕಾರ್ಮಿಕ ಕಾಯ್ದೆಯ ಓವರ್‌ಟೈಮ್ ಹಕ್ಕು ಹೊಲದ ಕೂಲಿಗಳಿಗೆ ಇಂದಿಗೂ ಅನ್ವಯಿಸದ ಕಾರಣ, ಹೆಚ್ಚು ಹೊತ್ತು ದುಡಿದರೂ ಅವರ ಗಳಿಕೆ ನಿಂತಿರುವುದು ಬಕೆಟ್ ಲೆಕ್ಕದ ಮೇಲೆಯೇ.

ದರಕ್ಕಿಂತ ಕಷ್ಟವಾದದ್ದು ಹಣವನ್ನು ಕಾರ್ಮಿಕರ ಕೈಗೆ ತಲುಪಿಸುವುದು. ಈ ಕಾರ್ಮಿಕರದೇ ಸಂಘಟನೆಯಾದ ಕೋಅಲಿಷನ್ ಆಫ್ ಇಮ್ಮೋಕಲೀ ವರ್ಕರ್ಸ್ ನಡೆಸಿದ ಬಹಿಷ್ಕಾರಕ್ಕೆ ಮಣಿದು ಫಾಸ್ಟ್‌ಫುಡ್ ಕಂಪನಿ ಟ್ಯಾಕೋ ಬೆಲ್ 2005ರಲ್ಲಿ ಆ ಹೆಚ್ಚುವರಿ ಸೆಂಟಿಗೆ ಒಪ್ಪಿತು, ಮೆಕ್‌ಡೊನಾಲ್ಡ್ಸ್ 2007ರಲ್ಲಿ. 2008ರಲ್ಲಿ ಒಪ್ಪಿದ ಬರ್ಗರ್ ಕಿಂಗ್ ಪೌಂಡಿಗೆ ಒಂದೂವರೆ ಸೆಂಟ್ ಕೊಟ್ಟಿತು, ಅದರಲ್ಲಿ ಅರ್ಧ ಸೆಂಟ್ ಬೆಳೆಗಾರರ ತೆರಿಗೆ ಮತ್ತು ಆಡಳಿತ ವೆಚ್ಚಕ್ಕೆ. ಆದರೂ ಬೆಳೆಗಾರರ ಸಂಘವು 2010ರವರೆಗೆ ವಿರೋಧಿಸಿದ್ದರಿಂದ, ಕಂಪನಿಗಳು ಕೊಟ್ಟ ಹಣ ಕೂಲಿಗೆ ಸೇರದೆ ಪ್ರತ್ಯೇಕ ಖಾತೆಯಲ್ಲಿ ಉಳಿಯಿತು.

ಇದನ್ನು ಗಮನದಲ್ಲಿಟ್ಟುಕೊಂಡು, ನಾವು ಒಪ್ಪಂದಕ್ಕೆ ಸೇರುವಾಗ ನಾನು ಆ ಸೆಂಟನ್ನು ಟೊಮೆಟೊ ದರದೊಳಗೆ ಬೆರೆಸದೆ ಬಿಲ್ಲಿನಲ್ಲಿ ಬೇರೆ ಸಾಲಾಗಿಯೇ ತೋರಿಸಬೇಕೆಂದು ಹಟ ಹಿಡಿದೆ. ನಡುವೆ ಹಣ್ಣನ್ನು ವಿಂಗಡಿಸಿ ಮರುಪ್ಯಾಕ್ ಮಾಡುವ ವ್ಯಾಪಾರಿ ಹಲವು ಹೊಲಗಳ ಮಾಲನ್ನು ಒಟ್ಟಿಗೆ ಬೆರೆಸುವುದರಿಂದ, ಯಾವ ಬೆಳೆಗಾರನಿಂದ ಎಷ್ಟು ಪೌಂಡ್ ಬಂದಿತೆಂದು ಪ್ರತಿ ತಿಂಗಳೂ ಲಿಖಿತವಾಗಿ ತಿಳಿಸಬೇಕೆಂಬ ಷರತ್ತನ್ನೂ ಹಾಕಿದೆವು. ನಿಯಮ ಮುರಿದು ಅಮಾನತಾದ ಬೆಳೆಗಾರನಿಂದ ಖರೀದಿ ನಿಲ್ಲಿಸಲೇಬೇಕು. ಅಂಥ ದಿನ ಅಡುಗೆಮನೆಗೆ ಟೊಮೆಟೊ ತಪ್ಪಬಾರದೆಂದು ಒಪ್ಪಂದದೊಳಗಿನ ಇನ್ನೊಬ್ಬ ಬೆಳೆಗಾರನನ್ನು ಮೊದಲೇ ಗೊತ್ತುಮಾಡಿಕೊಂಡಿದ್ದೇವೆ.