ಜಿಪಿಎಸ್‌ಗೆ ನಕ್ಷೆ ಏರುತ್ತಿಲ್ಲವೇ? ಮೊದಲು ಪಟ್ಟಿ ನೋಡಿ

ಕೈಯಲ್ಲಿ ಹಿಡಿಯುವ ಜಿಪಿಎಸ್‌ಗೆ ನಕ್ಷೆ ಹಾಕಿದೆ, ಬರಲಿಲ್ಲ ಎನ್ನುವವರಿಗೆ ನಾನು ಮೊದಲು ಕೇಳುವುದು ಒಂದೇ: ಸಾಧನದೊಳಗಿನ ನಕ್ಷೆಗಳ ಪಟ್ಟಿಯಲ್ಲಿ ಅದರ ಹೆಸರು ಇದೆಯೇ? ಸೆಟಪ್‌ಗೆ ಹೋಗಿ, ಮ್ಯಾಪ್ ಒತ್ತಿ, ಮಾದರಿಗೆ ತಕ್ಕಂತೆ ‘ಮ್ಯಾಪ್ ಇನ್ಫರ್ಮೇಷನ್’ ಅಥವಾ ‘ಕಾನ್ಫಿಗರ್ ಮ್ಯಾಪ್ಸ್’ ತೆರೆದರೆ ಈ ಪಟ್ಟಿ ಸಿಗುತ್ತದೆ. ಹೆಸರು ಇಲ್ಲದಿದ್ದರೆ ತೊಂದರೆ ಕೇಬಲ್ಲಿನದು, ಕಡತದ್ದು ಅಥವಾ ಕಾರ್ಡಿನದು. ಹೆಸರಿದ್ದೂ ಪರದೆ ಖಾಲಿ ಇದ್ದರೆ ತೊಂದರೆ ಸೆಟ್ಟಿಂಗಿನದು, ಇಲ್ಲವೇ ನಕ್ಷೆ ತಯಾರಾದ ರೀತಿಯದು. ಇವೆರಡನ್ನು ಬೆರೆಸಿಕೊಂಡು ಹುಡುಕಲು ಹೊರಟರೆ ಒಂದು ಸಂಜೆ ಸಾಲುವುದಿಲ್ಲ.

ಮುಂದಿನದೆಲ್ಲ ಗಾರ್ಮಿನ್‌ನ ಇಟ್ರೆಕ್ಸ್ 20, 30, 22ಎಕ್ಸ್, 32ಎಕ್ಸ್ ಮತ್ತು ಜಿಪಿಎಸ್‌ಮ್ಯಾಪ್ 62ಎಸ್, 64 ಸಾಲಿನ ಸಾಧನಗಳಿಗೆ ಹೊಂದುತ್ತದೆ. ಇಟ್ರೆಕ್ಸ್ 10 ಇದ್ದವರು ಇಲ್ಲಿಗೇ ನಿಲ್ಲಿಸಬಹುದು. ಅದಕ್ಕೆ ಕಾರ್ಡ್ ಸ್ಲಾಟ್ ಇಲ್ಲ, ವಿವರವಾದ ನಕ್ಷೆ ಹಾಕಿಕೊಳ್ಳಲು ಅದನ್ನು ಮಾಡಿಲ್ಲ. ಉದಾಹರಣೆಗೆ ಕುಕ್ಕೆ ಸುಬ್ರಹ್ಮಣ್ಯದಿಂದ ಕುಮಾರ ಪರ್ವತ ದಾಟಿ ಸೋಮವಾರಪೇಟೆ ಕಡೆಗೆ ಇಳಿಯುವ ಪ್ರದೇಶವನ್ನು ಇಟ್ಟುಕೊಳ್ಳುತ್ತೇನೆ. 1712 ಮೀಟರ್ ಎತ್ತರದ ಬೆಟ್ಟ, ದಟ್ಟ ಕಾಡು, ಫೋನಿನ ಸಿಗ್ನಲ್ ನಂಬುವಂತಿಲ್ಲ. ಕೈಯಲ್ಲಿ ಹಿಡಿಯುವ ಜಿಪಿಎಸ್ ಇನ್ನೂ ಕೆಲಸಕ್ಕೆ ಬರುವುದು ಇಂಥ ಕಡೆಗಳಲ್ಲಿಯೇ.

ಮೊದಲು ಕೇಬಲ್. ಈ ಸಾಧನಗಳಿಗೆ ಬೇಕಾದದ್ದು ಮಿನಿ ಯುಎಸ್‌ಬಿ, ಮೈಕ್ರೊ ಅಲ್ಲ. ಡ್ರಾಯರಿನ ಮೂಲೆಯಲ್ಲಿ ಸಿಗುವ ಹಳೆಯ ಮಿನಿ ಕೇಬಲ್‌ಗಳಲ್ಲಿ ಎಷ್ಟೋ ಬರೀ ಚಾರ್ಜಿಗೆಂದು ಮಾಡಿದವು. ಅವುಗಳೊಳಗೆ ವಿದ್ಯುತ್ತಿನ ಎರಡು ತಂತಿ ಮಾತ್ರ ಇರುತ್ತವೆ, ಡೇಟಾದ ಎರಡು ಇರುವುದಿಲ್ಲ. ಸಾಧನ ಆನ್ ಆಗುತ್ತದೆ, ಕಂಪ್ಯೂಟರಿನಲ್ಲಿ ಡ್ರೈವ್ ಮಾತ್ರ ಕಾಣುವುದಿಲ್ಲ. ಡ್ರೈವರ್ ಹುಡುಕುವ ಮೊದಲು ಬೇರೆ ಕೇಬಲ್ ಹಾಕಿ ನೋಡಿ. ಇಂಟರ್‌ಫೇಸ್ ಸೆಟ್ಟಿಂಗ್ ‘ಗಾರ್ಮಿನ್ ಸ್ಪ್ಯಾನರ್’ ಎಂದಿದ್ದರೆ ಕೇಬಲ್ ಚುಚ್ಚಿದಾಗ ಮಾಸ್ ಸ್ಟೋರೇಜ್‌ಗೆ, ಅಂದರೆ ಪೆನ್‌ಡ್ರೈವ್‌ನಂತೆ ಕಾಣುವ ಸ್ಥಿತಿಗೆ, ಹೋಗಬೇಕೇ ಎಂದು ಕೇಳುತ್ತದೆ. ಹೌದು ಎನ್ನದಿದ್ದರೆ ಡ್ರೈವ್ ತೆರೆಯುವುದಿಲ್ಲ. ಕೆಲವು ಹೊಸ ಮಾದರಿಗಳು ಎಂಟಿಪಿ ವಿಧಾನದಲ್ಲಿ (ಫೋನುಗಳು ಕಡತ ಸಾಗಿಸುವ ರೀತಿ) ಮಾತಾಡುತ್ತವೆ. ವಿಂಡೋಸ್‌ಗೆ ಅದು ಅರ್ಥವಾಗುತ್ತದೆ, ಮ್ಯಾಕ್‌ಗೆ ಬೇರೆ ತಂತ್ರಾಂಶ ಹಾಕದೆ ಆಗುವುದಿಲ್ಲ.

ನಿಜ ಹೇಳಬೇಕೆಂದರೆ ದೊಡ್ಡ ನಕ್ಷೆಗೆ ನಾನು ಕೇಬಲ್ ಬಳಸುವುದೇ ಇಲ್ಲ. ಬ್ಯಾಟರಿ ತೆಗೆದು, ಕೆಳಗಿರುವ ಮೈಕ್ರೊ ಎಸ್‌ಡಿ ಕಾರ್ಡನ್ನು ಹೊರಗೆಳೆದು, ಕಾರ್ಡ್ ರೀಡರಿನಲ್ಲಿ ಹಾಕಿ ನಕಲಿಸುತ್ತೇನೆ. 60ಸಿಎಸ್‌ಎಕ್ಸ್‌ನಂಥ ಹಳೆಯ ಸಾಧನಗಳ ಯುಎಸ್‌ಬಿ ವೇಗ ಸೆಕೆಂಡಿಗೆ 12 ಮೆಗಾಬಿಟ್, ಅಂದರೆ ಕಾಗದದ ಮೇಲೆ 1.5 ಮೆಗಾಬೈಟ್. 2 ಜಿಬಿ ನಕ್ಷೆಗೆ ಲೆಕ್ಕದಲ್ಲೇ 20 ನಿಮಿಷ ದಾಟುತ್ತದೆ, ವಾಸ್ತವದಲ್ಲಿ ಅದಕ್ಕಿಂತ ಬಹಳ ಹೆಚ್ಚು. ನಡುವೆ ಬ್ಯಾಟರಿಯೋ ಕೇಬಲ್ಲೋ ಅಲುಗಾಡಿದರೆ ಅರ್ಧ ಕಡತ ಉಳಿಯುತ್ತದೆ. ಅರ್ಧ ಕಡತಕ್ಕಿಂತ ಕಡತವೇ ಇಲ್ಲದಿರುವುದು ವಾಸಿ. ರೀಡರಿನಿಂದ ಇನ್ನೊಂದು ಲಾಭವೂ ಇದೆ: ನಕ್ಷೆ ಕೆಟ್ಟರೆ ಕಾರ್ಡ್ ತೆಗೆದರೆ ಸಾಕು, ಸಾಧನ ಮೊದಲಿನಂತಾಗುತ್ತದೆ. ಹಾಗಾಗಿ ಒಳಗಿನ ಸ್ಮರಣೆಗೆ ನಾನು ಏನನ್ನೂ ಹಾಕುವುದಿಲ್ಲ.

ಕಾರ್ಡ್ 32 ಜಿಬಿ ಅಥವಾ ಅದಕ್ಕಿಂತ ಕಡಿಮೆ ಇರಲಿ, ಫಾರ್ಮ್ಯಾಟ್ ಫ್ಯಾಟ್32 ಇರಲಿ. 64 ಜಿಬಿ ಕಾರ್ಡ್‌ಗಳು ಎಕ್ಸ್‌ಫ್ಯಾಟ್ ಆಗಿ ಬರುತ್ತವೆ, ಈ ಸಾಧನಗಳು ಅದನ್ನು ಓದುವುದಿಲ್ಲ. ಫ್ಯಾಟ್32ರಲ್ಲಿ ಒಂದು ಕಡತ 4 ಜಿಬಿ ಮುಟ್ಟುವಂತಿಲ್ಲ. ಮುಟ್ಟಿದರೆ ‘ಕಡತ ತುಂಬಾ ದೊಡ್ಡದು’ ಎಂದು ವಿಂಡೋಸ್ ನಿರಾಕರಿಸುತ್ತದೆ, ಕಾರ್ಡಿನಲ್ಲಿ ಜಾಗ ಎಷ್ಟೇ ಇದ್ದರೂ. ಅಗ್ಗದ ನಕಲಿ ಕಾರ್ಡ್‌ಗಳ ಬಗ್ಗೆಯೂ ಎಚ್ಚರ ಬೇಕು. 32 ಎಂದು ಬರೆದು ಒಳಗೆ 8 ಜಿಬಿ ಇರುವಂಥವು ನಕಲು ಮುಗಿದಂತೆ ತೋರಿಸಿ, ಮಿಕ್ಕಿದ್ದನ್ನು ಗಾಳಿಗೆ ತೂರುತ್ತವೆ. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯು, ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಎಫ್3 ಓಡಿಸಿದರೆ ನಿಜ ಗಾತ್ರ ಹೊರಬೀಳುತ್ತದೆ.

ಇನ್ನು ಕಡತ. ಒಂದೇ ನಕ್ಷೆ ಸಾಮಾನ್ಯವಾಗಿ ಮೂರು ರೂಪದಲ್ಲಿ ಸಿಗುತ್ತದೆ: ವಿಂಡೋಸ್ ಬೇಸ್‌ಕ್ಯಾಂಪ್‌ಗೆ (ಕಂಪ್ಯೂಟರಿನಲ್ಲಿ ನಕ್ಷೆ ನೋಡುವ ಗಾರ್ಮಿನ್ ತಂತ್ರಾಂಶ) ಇನ್‌ಸ್ಟಾಲರ್, ಮ್ಯಾಕ್ ಬೇಸ್‌ಕ್ಯಾಂಪ್‌ಗೆ ‘ಜಿಮ್ಯಾಪ್’ ಕಟ್ಟು, ಸಾಧನಕ್ಕೆ ‘ಐಎಂಜಿ’ ಕಡತ. ನೇರವಾಗಿ ಕಾರ್ಡಿಗೆ ಹಾಕಲು ಬರುವುದು ಕೊನೆಯದು ಮಾತ್ರ. ಅದೂ ಜಿಪ್‌ನೊಳಗೆ ಇರುತ್ತದೆ, ಬಿಚ್ಚಿಯೇ ಹಾಕಬೇಕು. ಬಿಚ್ಚಿದ ಐಎಂಜಿ ಕಡತದ ಮೇಲೆ ಎರಡು ಬಾರಿ ಒತ್ತಬೇಡಿ. ವಿಂಡೋಸ್ ಅದನ್ನು ಡಿಸ್ಕ್ ಇಮೇಜ್ ಎಂದುಕೊಂಡು ತೆರೆಯಲು ಹೋಗಿ, ಕಡತ ಕೆಟ್ಟಿದೆ ಎನ್ನುತ್ತದೆ. ಒಳ್ಳೆಯ ನಕ್ಷೆಯನ್ನು ಇದೇ ಸಂದೇಶ ನೋಡಿ ಬಿಸಾಡಿದವರು ಬಹಳ ಮಂದಿ.

ಕಾರ್ಡಿನ ಮೊದಲ ಹಂತದಲ್ಲೇ ‘ಗಾರ್ಮಿನ್’ ಎಂಬ ಫೋಲ್ಡರ್ ಇರಬೇಕು, ನಕ್ಷೆ ಅದರೊಳಗೆ. ಹೊಸ ಕಾರ್ಡಿನಲ್ಲಿ ಇದನ್ನು ನೀವೇ ಮಾಡಬೇಕು. ಹಳೆಯ ಎಚ್‌ಸಿಎಕ್ಸ್, ಸಿಎಸ್‌ಎಕ್ಸ್ ಸಾಲಿನವು ಒಂದೇ ಒಂದು ಹೆಸರನ್ನು ಗುರುತಿಸುತ್ತವೆ: ಜಿ, ಎಂ, ಎ, ಪಿ, ಎಸ್, ಯು, ಪಿ, ಪಿ, ನಂತರ ಚುಕ್ಕಿ ಐಎಂಜಿ. ಕೊನೆಯಲ್ಲಿ ಎರಡು ‘ಪಿ’ ಎಂಬುದನ್ನು ಗಮನಿಸಿ. ಎರಡನೇ ಸಲ ಇಳಿಸಿಕೊಂಡಾಗ ಬ್ರೌಸರ್ ಹೆಸರಿನ ಕೊನೆಗೆ ಆವರಣದಲ್ಲಿ 1 ಸೇರಿಸಿರುತ್ತದೆ. ವಿಸ್ತರಣೆ ಮರೆಮಾಡಿದ ವಿಂಡೋಸ್‌ನಲ್ಲಿ ಹೆಸರು ಬದಲಿಸಿದರೆ ಐಎಂಜಿ ಎರಡು ಸಲ ಸೇರಿಕೊಳ್ಳುತ್ತದೆ. ಎರಡೂ ಕಣ್ಣಿಗೆ ಬೀಳದ ತಪ್ಪುಗಳು. ಇಟ್ರೆಕ್ಸ್ 20ರಿಂದ ಈಚಿನವು ಯಾವ ಹೆಸರಿನ ಐಎಂಜಿಯನ್ನೂ ಓದುತ್ತವೆ, ಹಲವು ನಕ್ಷೆ ಒಟ್ಟಿಗೆ ಇಡಬಹುದು. ಒಳಗಿನ ಸ್ಮರಣೆಯಲ್ಲಿ ‘ಬಿಮ್ಯಾಪ್’ ಎಂದು ಕೊನೆಯಾಗುವ ಕಡತ ಕಂಡರೆ ಮುಟ್ಟಬೇಡಿ, ಅದು ಮೂಲ ನಕ್ಷೆ.

ಮ್ಯಾಕ್ ಬಳಸುವವರಿಗೆ ಎರಡು ಮಾತು. ಹಳೆಯ ನಕ್ಷೆ ಅಳಿಸಿದರೆ ಅದು ಕಾರ್ಡಿನೊಳಗೇ ಅಡಗಿದ ಕಸದ ಬುಟ್ಟಿಗೆ ಹೋಗುತ್ತದೆ, ಜಾಗ ಖಾಲಿಯಾಗುವುದಿಲ್ಲ. ಕಾರ್ಡ್ ಹೊರತೆಗೆಯುವ ಮೊದಲು ಬುಟ್ಟಿ ಖಾಲಿ ಮಾಡಿ. ಎರಡನೆಯದು, ಮ್ಯಾಕ್ ಪ್ರತಿ ಕಡತದ ಪಕ್ಕ ಚುಕ್ಕಿ ಮತ್ತು ಅಡಿಗೆರೆಯಿಂದ ಆರಂಭವಾಗುವ ನೆರಳು ಕಡತ ಬರೆಯುತ್ತದೆ. ಅದರ ಕೊನೆಯೂ ಐಎಂಜಿಯೇ ಆದ್ದರಿಂದ ಸಾಧನ ಅದನ್ನೂ ನಕ್ಷೆಯೆಂದು ಓದಲು ಹೋಗಿ ತಡವರಿಸಬಹುದು. ಟರ್ಮಿನಲ್‌ನಲ್ಲಿ ‘ಡಾಟ್ ಕ್ಲೀನ್’ ಆಜ್ಞೆ ಕೊಟ್ಟರೆ ಸ್ವಚ್ಛವಾಗುತ್ತದೆ.

ಹಣ ಕೊಟ್ಟು ತಂದ ನಕ್ಷೆಯ ಕಥೆ ಬೇರೆ. ಕಾರ್ಡಿನಲ್ಲಿ ಬಂದದ್ದು ಆ ಕಾರ್ಡಿಗೆ, ಇಳಿಸಿಕೊಂಡದ್ದು ಆ ಸಾಧನಕ್ಕೆ ಬೀಗ ಹಾಕಿರುತ್ತದೆ. ಇನ್ನೊಂದು ಕಡೆಗೆ ನಕಲಿಸಿದರೆ ‘ನಕ್ಷೆ ದೃಢೀಕರಿಸಲಾಗುತ್ತಿಲ್ಲ’ ಎಂಬರ್ಥದ ಸಂದೇಶ ಬರುತ್ತದೆ. ಇದೇ ಸಂದೇಶ ಉಚಿತ ನಕ್ಷೆಗೂ ಬರುವುದುಂಟು, ಅದಕ್ಕೆ ಕಾರಣ ಮುಂದೆ ಹೇಳುತ್ತೇನೆ.

ಪಟ್ಟಿಯಲ್ಲಿ ಹೆಸರಿದೆ, ಪರದೆ ಮಾತ್ರ ಖಾಲಿ ಎಂದರೆ ಮೊದಲು ಪ್ರೊಫೈಲ್, ಅಂದರೆ ಬಳಕೆಗೆ ತಕ್ಕ ಸೆಟ್ಟಿಂಗ್‌ಗಳ ಗುಂಪು, ನೋಡುತ್ತೇನೆ. ಹೊಸ ಸಾಧನಗಳಲ್ಲಿ ಯಾವ ನಕ್ಷೆ ಆನ್, ಯಾವುದು ಆಫ್ ಎಂಬುದು ಪ್ರೊಫೈಲಿಗೊಂದು. ‘ರಿಕ್ರಿಯೇಷನಲ್’ನಲ್ಲಿ ಆನ್ ಮಾಡಿ ‘ಫಿಟ್‌ನೆಸ್’ಗೆ ಬದಲಾಯಿಸಿದರೆ ನಕ್ಷೆ ಮಾಯ. ಆಮೇಲೆ ಪ್ರದೇಶ: ಮನೆಯಲ್ಲಿ ಕೂತು ಆನ್ ಮಾಡಿದರೆ ಪರದೆ ಬೆಂಗಳೂರನ್ನು ತೋರಿಸುತ್ತದೆ, ನಿಮ್ಮ ನಕ್ಷೆ ಇರುವುದು ಕುಕ್ಕೆಯಲ್ಲಿ. ಅಲ್ಲಿಗೆ ಸರಿದು 300 ಮೀಟರ್ ಹಂತಕ್ಕೆ ಜೂಮ್ ಮಾಡಿ ನೋಡಿ. ಕಾಲುದಾರಿಗಳು ದೂರದ ಹಂತಗಳಲ್ಲಿ ಮೂಡುವುದಿಲ್ಲ, ಡೀಟೇಲ್ ‘ಲೆಸ್’ ಎಂದಿದ್ದರೆ ಇನ್ನೂ ತಡವಾಗಿ ಮೂಡುತ್ತವೆ. ಎರಡು ನಕ್ಷೆ ಒಂದೇ ಜಾಗವನ್ನು ಮುಚ್ಚಿದರೆ ಆದ್ಯತೆ ಹೆಚ್ಚಿರುವುದು ಮೇಲೆ ಬಂದು ಕೆಳಗಿನದನ್ನು ನುಂಗುತ್ತದೆ. ಆದ್ದರಿಂದ ಪರೀಕ್ಷೆಯ ಹೊತ್ತಿಗೆ ಬೇಕಾದ ಒಂದನ್ನು ಬಿಟ್ಟು ಎಲ್ಲವನ್ನೂ ಆಫ್ ಮಾಡಿಡುತ್ತೇನೆ.

ಸ್ವಂತ ನಕ್ಷೆ ಮಾಡಿಕೊಳ್ಳುವವರಿಗೆ ತೊಂದರೆಗಳ ಇನ್ನೊಂದು ಸಾಲೇ ಇದೆ. ಜಿಯೊಫ್ಯಾಬ್ರಿಕ್ ತಾಣದಿಂದ, ಜನರೇ ಸೇರಿ ಕಟ್ಟುವ ಉಚಿತ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನ ಭಾರತದ ದಕ್ಷಿಣ ವಲಯದ ಕಡತ ಇಳಿಸಿ, ಆಸ್ಮಿಯಂ ತಂತ್ರಾಂಶದಿಂದ ಬೇಕಾದಷ್ಟು ಕತ್ತರಿಸಿ, ಸ್ಪ್ಲಿಟರ್‌ನಿಂದ ತುಂಡು ಮಾಡಿ, ಎಂಕೆಜಿಮ್ಯಾಪ್‌ನಿಂದ ಐಎಂಜಿ ಮಾಡುವುದು ನನ್ನ ದಾರಿ. ಕತ್ತರಿಸುವ ಚೌಕದ ಅಂಕಿಗಳು ಎಡ, ಕೆಳ, ಬಲ, ಮೇಲೆ ಎಂಬ ಕ್ರಮದಲ್ಲಿ ಬರಬೇಕು. ಕುಮಾರ ಪರ್ವತಕ್ಕೆ 75.5, 12.5, 75.9, 12.8 ಸಾಕು. ಅಕ್ಷಾಂಶ ಮೊದಲು ಬರೆದುಬಿಟ್ಟರೆ ಆ ಚೌಕ ಸ್ವಾಲ್‌ಬಾರ್ಡ್‌ನ ದಕ್ಷಿಣದ ಸಮುದ್ರದಲ್ಲಿ ಬೀಳುತ್ತದೆ. ತಂತ್ರಾಂಶ ತಪ್ಪೆನ್ನುವುದಿಲ್ಲ, ಖಾಲಿ ನಕ್ಷೆ ಮಾಡಿಕೊಡುತ್ತದೆ.

‘ಒಂದು ನಕ್ಷೆಯಲ್ಲಿ ಇಷ್ಟು ಮಾಹಿತಿಗೆ ಜಾಗವಿಲ್ಲ’ ಎಂದು ಎಂಕೆಜಿಮ್ಯಾಪ್ ನಿಂತರೆ ಸ್ಪ್ಲಿಟರಿನ ಮ್ಯಾಕ್ಸ್-ನೋಡ್ಸ್ (ಒಂದು ತುಂಡಿನಲ್ಲಿರುವ ಬಿಂದುಗಳ ಮಿತಿ) ಅನ್ನು ಮೂಲದ 16 ಲಕ್ಷದಿಂದ 12 ಲಕ್ಷಕ್ಕೆ ಇಳಿಸಿ ಮತ್ತೆ ಓಡಿಸಿ. ಹಾಗೆಂದು ತುಂಡುಗಳನ್ನು ತೀರ ಚಿಕ್ಕದೂ ಮಾಡಬಾರದು. ಎಚ್‌ಸಿಎಕ್ಸ್ ಕಾಲದ ಸಾಧನಗಳು 2025 ತುಂಡುಗಳವರೆಗೆ ಮಾತ್ರ ಎಣಿಸುತ್ತವೆ, ಅದಕ್ಕಿಂತ ಮುಂದಿನವು ಕಾರ್ಡಿನಲ್ಲಿದ್ದರೂ ಕಾಣುವುದಿಲ್ಲ. ಎರಡು ನಕ್ಷೆಗಳಿಗೆ ಒಂದೇ ಫ್ಯಾಮಿಲಿ ಐಡಿ ಅಥವಾ ಒಂದೇ ಮ್ಯಾಪ್ ಐಡಿ (ಸಾಧನ ನಕ್ಷೆಯನ್ನು ಗುರುತಿಸುವ ಸಂಖ್ಯೆಗಳು) ಬಂದರೆ ಒಂದು ಮರೆಯಾಗುತ್ತದೆ, ಇಲ್ಲವೇ ಇನ್ನೊಂದರ ಬಣ್ಣ ಮೆತ್ತಿಕೊಂಡು ಬರುತ್ತದೆ. ಎಂಕೆಜಿಮ್ಯಾಪ್‌ಗೆ ಪ್ರತಿ ಸಲ ಬೇರೆ ಫ್ಯಾಮಿಲಿ ಐಡಿ ಕೊಡಿ. ಬೇರೆಯವರು ಮಾಡಿದ ನಕ್ಷೆಯ ಐಡಿ ನೋಡಲು, ಬದಲಿಸಲು ಜಿಮ್ಯಾಪ್‌ಟೂಲ್ ಇದೆ. ಸಮೋನ್ನತ ರೇಖೆಗಳನ್ನು ಪ್ರತ್ಯೇಕ ಕಡತ ಮಾಡುವಾಗ ‘ಟ್ರಾನ್ಸ್‌ಪರೆಂಟ್’ ಆಯ್ಕೆ ಮರೆತರೆ ಬರೀ ಗೆರೆಗಳು ಉಳಿದು ದಾರಿಗಳೆಲ್ಲ ಅಳಿದಂತೆ ಕಾಣುತ್ತದೆ.

ಕನ್ನಡದ ಹೆಸರುಗಳು ಇಲ್ಲಿ ನಿಜವಾಗಿ ಕಾಡುತ್ತವೆ. ಈ ಸಾಧನಗಳ ಅಕ್ಷರಗಳಲ್ಲಿ ಕನ್ನಡ ಇಲ್ಲ. ಹಾಗೆಂದು ಎಲ್ಲ ಭಾಷೆಗಳ ಅಕ್ಷರ ಹಿಡಿಯುವ ಯುನಿಕೋಡ್ ಆಯ್ಕೆ, ಅಂದರೆ ಕೋಡ್‌ಪೇಜ್ 65001, ಕೊಟ್ಟು ನಕ್ಷೆ ಮಾಡಿದರೆ ಹೊಸ ಫರ್ಮ್‌ವೇರ್ (ಸಾಧನದೊಳಗಿನ ತಂತ್ರಾಂಶ) ಇಡೀ ನಕ್ಷೆಯನ್ನೇ ನಿರಾಕರಿಸಬಹುದು. ಉಚಿತ ನಕ್ಷೆಗೂ ದೃಢೀಕರಣದ ಸಂದೇಶ ಬರುವುದು ಇದರಿಂದಲೇ. ರೋಮನ್ ಅಕ್ಷರಗಳಷ್ಟೇ ಇರುವ ಲ್ಯಾಟಿನ್1 ಕೊಟ್ಟರೆ ನಕ್ಷೆ ತೆರೆಯುತ್ತದೆ, ಆದರೆ ಕನ್ನಡದಲ್ಲಿ ಬರೆದ ಹೆಸರು ಓದಲು ಕಷ್ಟವಾಗುವ ರೋಮನ್ ಆಗಿ ಬರುತ್ತದೆ. ನಾನು ಲ್ಯಾಟಿನ್1 ಇಟ್ಟು, ನೇಮ್-ಟ್ಯಾಗ್-ಲಿಸ್ಟ್‌ನಲ್ಲಿ ಮೊದಲು ಇಂಗ್ಲಿಷ್ ಹೆಸರು, ಆಮೇಲೆ ಅಂತರರಾಷ್ಟ್ರೀಯ ಹೆಸರು, ಕೊನೆಗೆ ಮೂಲ ಹೆಸರು ಎಂದು ಕೊಡುತ್ತೇನೆ. ತೊರೆ, ಗುಡ್ಡ, ಚೌಕಿಗಳಿಗೆ ಇಂಗ್ಲಿಷ್ ಟ್ಯಾಗ್ ಇಲ್ಲದಿದ್ದರೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲೇ ಸೇರಿಸುವುದು ಒಳ್ಳೆಯದು. ಕನ್ನಡದ ಹೆಸರನ್ನು ಅಳಿಸಿ ಆ ಜಾಗದಲ್ಲಿ ಇಂಗ್ಲಿಷ್ ತುಂಬುವುದು ಬೇಡ, ಎರಡಕ್ಕೂ ಬೇರೆ ಬೇರೆ ಟ್ಯಾಗ್‌ಗಳಿವೆ.

ನಕ್ಷೆ ಹಾಕಿದ ಮೇಲೆ ಮೊದಲ ಸಲ ಆನ್ ಮಾಡಿದಾಗ ‘ಲೋಡಿಂಗ್ ಮ್ಯಾಪ್ಸ್’ನಲ್ಲಿ ಒಂದೆರಡು ನಿಮಿಷ ನಿಂತರೆ ಗಾಬರಿ ಬೇಡ. ಅಲ್ಲೇ ಕಟ್ಟಿಹಾಕಿದಂತೆ ನಿಂತರೆ, ಇಲ್ಲವೇ ಮತ್ತೆ ಮತ್ತೆ ಆರಿದರೆ, ಕಡತ ಕೆಟ್ಟಿದೆ. ಕಾರ್ಡಿನಲ್ಲಿದ್ದರೆ ಕಾರ್ಡ್ ತೆಗೆದರೆ ಆಯಿತು. ಒಳಗಿನ ಸ್ಮರಣೆಯಲ್ಲಿದ್ದರೆ ಸಾಧನ ಆಫ್ ಮಾಡಿ, ಇಟ್ರೆಕ್ಸ್‌ನ ಜಾಯ್‌ಸ್ಟಿಕ್ಕನ್ನು ಮೇಲಕ್ಕೆ ಒತ್ತಿ ಹಿಡಿದು ಕಂಪ್ಯೂಟರಿಗೆ ಕೇಬಲ್ ಚುಚ್ಚಿ. ಡ್ರೈವ್ ಕಾಣುವ ತನಕ, ಅಂದರೆ ಅರ್ಧ ನಿಮಿಷದಷ್ಟು, ಬಿಡಬೇಡಿ. ನಕ್ಷೆಗಳನ್ನು ಓದದೆ ಅದು ನೇರ ಮಾಸ್ ಸ್ಟೋರೇಜ್‌ಗೆ ಹೋಗುತ್ತದೆ, ಕೆಟ್ಟ ಕಡತ ಅಳಿಸಬಹುದು. ಇದನ್ನು ಮಾಡದೆ ಮಾಸ್ಟರ್ ರೀಸೆಟ್‌ಗೆ ಕೈ ಹಾಕಿದರೆ ವೇಪಾಯಿಂಟ್‌ಗಳು, ಅಂದರೆ ಗುರುತಿಟ್ಟ ಜಾಗಗಳು, ಹೋಗುತ್ತವೆ, ಕೆಟ್ಟ ನಕ್ಷೆ ಅಲ್ಲೇ ಉಳಿಯಬಹುದು.

ಕೊನೆಗೆ ಸ್ಕ್ಯಾನ್ ಮಾಡಿದ ಹಾಳೆಗಳು. ಸರ್ವೆ ಆಫ್ ಇಂಡಿಯಾದ 1:50,000 ಹಾಳೆಯನ್ನು ಕೆಎಂಜೆಡ್ (ಚಿತ್ರ ಮತ್ತು ಅದರ ಜಾಗದ ವಿವರ ಒಟ್ಟಿಗಿರುವ ಕಡತ) ಮಾಡಿ ‘ಗಾರ್ಮಿನ್’ ಫೋಲ್ಡರಿನೊಳಗಿನ ‘ಕಸ್ಟಮ್‌ಮ್ಯಾಪ್ಸ್’ಗೆ ಹಾಕಿದರೆ ವೆಕ್ಟರ್ ನಕ್ಷೆಯ, ಅಂದರೆ ಗೆರೆ ಬಿಂದುಗಳಿಂದಾದ ಐಎಂಜಿ ನಕ್ಷೆಯ, ಮೇಲೆ ಮೂಡುತ್ತದೆ. ಮೂಡದಿದ್ದರೆ ನಾಲ್ಕು ಕಾರಣ ನೋಡಿ. ಪ್ರತಿ ಚಿತ್ರದ ತುಂಡು 1024×1024 ಪಿಕ್ಸೆಲ್ ಮೀರಬಾರದು, ಮೀರಿದರೆ ಮಸುಕಾಗುತ್ತದೆ. ಇಟ್ರೆಕ್ಸ್‌ನಲ್ಲಿ ಒಟ್ಟು 100 ತುಂಡುಗಳಷ್ಟೇ ತೆರೆಯುತ್ತವೆ, ಎಲ್ಲ ಕೆಎಂಜೆಡ್‌ಗಳೂ ಸೇರಿ. ಚಿತ್ರ ಸಾದಾ ಜೆಪೆಗ್ ಇರಬೇಕು, ಪ್ರೋಗ್ರೆಸಿವ್ ಜೆಪೆಗ್ ಅಥವಾ ಪಿಎನ್‌ಜಿ ನಡೆಯುವುದಿಲ್ಲ. ಡ್ರಾ ಆರ್ಡರ್, ಅಂದರೆ ಪದರಗಳ ಕ್ರಮದ ಸಂಖ್ಯೆ, 50ಕ್ಕಿಂತ ಕಡಿಮೆ ಇದ್ದರೆ ನಿಮ್ಮ ಹಾಳೆ ಉಳಿದ ನಕ್ಷೆಯ ಅಡಿಯಲ್ಲಿ ಹೂತುಹೋಗುತ್ತದೆ. ನೂರು ತುಂಡು ಕಡಿಮೆಯೇನಲ್ಲ: 15 ನಿಮಿಷದ, ಅಂದರೆ ಕಾಲು ಡಿಗ್ರಿಯ, ಹಾಳೆ ಸುಮಾರು 27 ಕಿಲೋಮೀಟರ್ ಅಗಲ, ಹತ್ತಕ್ಕೆ ಹತ್ತು ತುಂಡು ಮಾಡಿದರೆ ಒಂದು ಪಿಕ್ಸೆಲ್‌ಗೆ 2.7 ಮೀಟರ್ ಬೀಳುತ್ತದೆ. ನಡೆಯುವವರಿಗೆ ಅಷ್ಟು ಸಾಕು.

ಹಾಳೆ ಮೂಡಿದರೂ ದಾರಿ ಪಕ್ಕಕ್ಕೆ ಸರಿದಿದ್ದರೆ ಡೇಟಮ್, ಅಂದರೆ ಅಕ್ಷಾಂಶ ರೇಖಾಂಶ ಎಣಿಸುವ ಆಧಾರ, ನೋಡಿ. 2005ರ ನಕ್ಷಾ ನೀತಿಯ ನಂತರ ಜನರಿಗೆ ಬಿಟ್ಟ ಓಪನ್ ಸೀರೀಸ್ ಹಾಳೆಗಳು ಜಿಪಿಎಸ್ ಬಳಸುವ ಡೇಟಮ್ ಆದ ಡಬ್ಲ್ಯುಜಿಎಸ್84ರಲ್ಲಿವೆ. ಕುಮಾರ ಪರ್ವತದ ಭಾಗಕ್ಕೆ ಅವುಗಳ ಸಂಖ್ಯೆ ಡಿ43ವಿ ಎಂದು ಆರಂಭವಾಗುತ್ತದೆ. 48ಪಿ ಎಂದು ಆರಂಭವಾಗುವ ಹಳೆಯ ಹಾಳೆಗಳು ಎವರೆಸ್ಟ್ ಡೇಟಮ್‌ನವು, ಅವನ್ನು ಹಾಗೇ ಕೂರಿಸಿದರೆ ನೂರು ಮೀಟರಿಗೂ ಹೆಚ್ಚು ಪಲ್ಲಟವಾಗುತ್ತದೆ. ಸಾಧನದ ಡೇಟಮ್ ಸೆಟ್ಟಿಂಗ್ ಬದಲಿಸಿದರೆ ಇದು ಸರಿಹೋಗದು, ಅದು ಬದಲಿಸುವುದು ಪರದೆಯ ಅಂಕಿಗಳನ್ನು ಮಾತ್ರ. ಕ್ಯುಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಮೂಲೆಗಳನ್ನು ಎವರೆಸ್ಟ್‌ನಲ್ಲಿ ಗುರುತಿಸಿ, ಡಬ್ಲ್ಯುಜಿಎಸ್84ಕ್ಕೆ ಪರಿವರ್ತಿಸಿ, ಆಮೇಲೆ ಕೆಎಂಜೆಡ್ ಮಾಡಬೇಕು. ಹೊರಡುವ ಮೊದಲು ಸುಬ್ರಹ್ಮಣ್ಯದ ರಸ್ತೆ ಕೂಡುವ ಒಂದು ಜಾಗವನ್ನು ವೆಕ್ಟರ್ ನಕ್ಷೆಯ ಜೊತೆ ಹೋಲಿಸಿ ನೋಡಿದರೆ ಸರಿದಿದೆಯೋ ಇಲ್ಲವೋ ಕೂಡಲೇ ತಿಳಿಯುತ್ತದೆ.