ಆಸ್ಟ್ರೇಲಿಯಾದ ಪೋಕೀಸ್ ಮತ್ತು ಬೆಟ್ಟಿಂಗ್: ಹೊಸದಾಗಿ ಬಂದವರು ತಿಳಿದಿರಬೇಕಾದದ್ದು

ಸಿಡ್ನಿಗೋ ಮೆಲ್ಬರ್ನಿಗೋ ಬಂದಿಳಿದ ಕನ್ನಡ ಕುಟುಂಬವು ಪೋಕೀಸ್ ಎಂಬ, ಹಣ ಹಾಕಿ ಗುಂಡಿ ಒತ್ತಿ ಆಡುವ ಜೂಜಿನ ಯಂತ್ರವನ್ನು ಮೊದಲು ನೋಡುವುದು ಬಹುಮಟ್ಟಿಗೆ ಕ್ಯಾಸಿನೊದಲ್ಲಲ್ಲ, ಮನೆಯ ಹತ್ತಿರದ ಕ್ಲಬ್ಬಿನಲ್ಲಿ. ಅಲ್ಲಿ ಊಟ ಅಗ್ಗ, ಕೆಲವೆಡೆ ಮಕ್ಕಳು ಆಡಲು ಜಾಗವೂ ಇರುತ್ತದೆ. ಊಟದ ಕೋಣೆಯ ಗೋಡೆಯಾಚೆ ಮಬ್ಬು ಬೆಳಕಿನಲ್ಲಿ ಯಂತ್ರಗಳ ಸಾಲು. ಹದಿನೆಂಟು ತುಂಬಿದವರಿಗೆ ಅದು ಕಾನೂನುಬದ್ಧ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಮಾತ್ರ ಪರ್ತ್ ನಗರದ ಕ್ಯಾಸಿನೊ ಬಿಟ್ಟರೆ ಈ ಯಂತ್ರಗಳು ಬೇರೆಲ್ಲೂ ಇಲ್ಲ.

ವಿಕ್ಟೋರಿಯಾ ರಾಜ್ಯದ ಪಬ್ಬು, ಕ್ಲಬ್ಬುಗಳ ಯಂತ್ರಗಳು ಹಾಕಿದ ಹಣದಲ್ಲಿ ಸರಾಸರಿ ಕನಿಷ್ಠ ಶೇಕಡಾ 87ರಷ್ಟನ್ನು ಹಿಂದಿರುಗಿಸಬೇಕೆಂಬ ನಿಯಮವಿದೆ. ನೂರು ಡಾಲರ್ ಒಯ್ದರೆ 87 ಡಾಲರ್ ಕೈಯಲ್ಲಿ ಉಳಿಯುತ್ತದೆಂದು ಇದರ ಅರ್ಥವಲ್ಲ, ಏಕೆಂದರೆ ಹಿಂದಿರುಗಿದ ದುಡ್ಡನ್ನೇ ಆಡುವವರು ಮತ್ತೆ ಮತ್ತೆ ಹೂಡುತ್ತಾರೆ. ಒಂದೊಂದು ಡಾಲರಿನಂತೆ ನಿಮಿಷಕ್ಕೆ ಹತ್ತು ಬಾರಿ ಗುಂಡಿ ಒತ್ತಿದವರು ಗಂಟೆಗೆ 600 ಡಾಲರ್ ಹೂಡಿದಂತಾಗುತ್ತದೆ. ಅದರ ಶೇಕಡಾ 13 ಎಂದರೆ ಸರಾಸರಿ 78 ಡಾಲರ್ ನಷ್ಟ. ಯುಗಾದಿಯ ಇಸ್ಪೀಟು ಆಡಿ ಬಂದವರಿಗೆ ಇದು ಹೊಸದು: ಅಲ್ಲಿ ಒಬ್ಬರು ಸೋತದ್ದು ಎದುರಿಗೆ ಕುಳಿತ ಇನ್ನೊಬ್ಬರ ಕೈ ಸೇರುತ್ತದೆ, ಹಬ್ಬ ಮುಗಿದರೆ ಎಲೆ ಮಡಿಸಿಡುತ್ತಾರೆ. ಯಂತ್ರಕ್ಕೆ ಹಬ್ಬವೂ ಇಲ್ಲ, ಮರುದಿನವೂ ಇಲ್ಲ.

ಐಪಿಎಲ್ ಕಾಲದಲ್ಲಿ ಎಚ್ಚರ ಬೇಕಾದದ್ದು ಫೋನಿನ ವಿಷಯದಲ್ಲಿ. ಪರವಾನಗಿ ಪಡೆದ ಕಂಪನಿಗಳಲ್ಲಿ ಪಂದ್ಯಕ್ಕೆ ಮುಂಚೆ ಬಾಜಿ ಕಟ್ಟಬಹುದು. ಆದರೆ ಆಟ ನಡೆಯುತ್ತಿರುವಾಗ ಆನ್‌ಲೈನಿನಲ್ಲಿ ಬಾಜಿ ಸ್ವೀಕರಿಸುವುದನ್ನೂ ಆನ್‌ಲೈನ್ ಕ್ಯಾಸಿನೊ ನಡೆಸುವುದನ್ನೂ 2001ರ ಕಾಯ್ದೆ ನಿಷೇಧಿಸಿದೆ. ಹಾಗಿರುವಾಗ ಓವರಿಗೊಂದು ಬಾಜಿ ಕೊಡುವ ತಾಣದ ಐಡಿಯನ್ನು ವಾಟ್ಸಾಪಿನಲ್ಲಿ ಯಾರಾದರೂ ಕಳಿಸಿದರೆ ಅದು ಇಲ್ಲಿನ ಕಾನೂನಿನ ಹೊರಗಿನದೆಂದೇ ತಿಳಿಯಬೇಕು. ಗೆದ್ದ ಹಣ ಬಾರದಿದ್ದರೆ ಕೇಳುವವರಿಲ್ಲ, ಮುಂದೆ ಹೇಳುವ ತಡೆಗಳೂ ಅಲ್ಲಿಗೆ ತಾಗುವುದಿಲ್ಲ. ಪರವಾನಗಿಯ ಕಂಪನಿಗಳೂ 2024ರ ಜೂನ್ 11ರಿಂದ ಕ್ರೆಡಿಟ್ ಕಾರ್ಡಿನ ಹಣ ತೆಗೆದುಕೊಳ್ಳುವಂತಿಲ್ಲ.

2023ರ ಮಾರ್ಚಿನವರೆಗೆ ಬೆಟ್ಟಿಂಗ್ ಜಾಹೀರಾತುಗಳ ಕೊನೆಯಲ್ಲಿ ‘ಜವಾಬ್ದಾರಿಯಿಂದ ಜೂಜಾಡಿ’ ಎಂಬ ಸಾಲು ಇರುತ್ತಿತ್ತು. ಸರ್ಕಾರ ಅದನ್ನು ತೆಗೆದು, ನೀವು ಸೋಲುವ ಸಂಭವವೇ ಹೆಚ್ಚು ಎಂಬರ್ಥದ ನೇರ ಮಾತುಗಳನ್ನು ಹಾಕಿಸಿತು. ನನ್ನ ಮಟ್ಟಿಗೆ ಇದು ಸರಿಯಾದ ಬದಲಾವಣೆ. ಹಳೆಯ ಸಾಲು ಹೊರೆಯನ್ನೆಲ್ಲ ಆಡುವವನ ಹೆಗಲಿಗೇ ಹೊರಿಸುತ್ತಿತ್ತು.

ನಿಲ್ಲಿಸಬೇಕೆಂದು ತೋರಿದವರಿಗೆ 2023ರ ಆಗಸ್ಟ್ 21ರಿಂದ ಬೆಟ್‌ಸ್ಟಾಪ್ ಎಂಬ ರಾಷ್ಟ್ರೀಯ ನೋಂದಣಿ ಇದೆ. ಉಚಿತವಾಗಿ ಹೆಸರು ಕೊಟ್ಟರೆ, ಪರವಾನಗಿ ಇರುವ ಆನ್‌ಲೈನ್ ಮತ್ತು ಫೋನ್ ಬೆಟ್ಟಿಂಗ್ ಕಂಪನಿಗಳೆಲ್ಲ ನಿಮ್ಮಿಂದ ಬಾಜಿ ಪಡೆಯುವಂತಿಲ್ಲ, ಹೊಸ ಖಾತೆ ತೆರೆಯುವಂತಿಲ್ಲ, ಆಮಿಷದ ಸಂದೇಶ ಕಳಿಸುವಂತಿಲ್ಲ. ಅವಧಿ ಕನಿಷ್ಠ ಮೂರು ತಿಂಗಳು, ಬೇಕಾದರೆ ಜೀವನಪರ್ಯಂತ. ಬಹಳ ಮಂದಿ ಎಡವುವುದು ಇಲ್ಲಿಯೇ: ಬೆಟ್‌ಸ್ಟಾಪ್ ಪೋಕೀಸಿಗೂ ಲಾಟರಿಗೂ ಅನ್ವಯಿಸುವುದಿಲ್ಲ. ಕ್ಲಬ್ಬು, ಪಬ್ಬುಗಳಿಂದ ನಿಮ್ಮನ್ನು ನೀವೇ ಹೊರಗಿಟ್ಟುಕೊಳ್ಳಲು ಆಯಾ ರಾಜ್ಯದ ಬೇರೆ ಯೋಜನೆಯಲ್ಲಿ ಪ್ರತ್ಯೇಕವಾಗಿ ಹೆಸರು ಬರೆಸಬೇಕು. ಜೂಜಿನ ಪಾವತಿಯನ್ನು ಕಾರ್ಡಿನಲ್ಲೇ ತಡೆಹಿಡಿಯುವ ಸೌಲಭ್ಯ ದೊಡ್ಡ ಬ್ಯಾಂಕುಗಳ ಆ್ಯಪಿನಲ್ಲಿದೆ. ಅದನ್ನೂ ಅದೇ ದಿನ ಒತ್ತಿಬಿಡುವುದು ಒಳ್ಳೆಯದು.

ಇವನ್ನೆಲ್ಲ ಯಾವಾಗ ಮಾಡಬೇಕೆಂದರೆ, ಕಳೆದುಕೊಂಡದ್ದನ್ನು ಗಳಿಸಿಯೇ ಏಳುತ್ತೇನೆಂಬ ಹಟ ಮೊದಲ ಬಾರಿ ಹುಟ್ಟಿದಾಗ. ಬಾಡಿಗೆಯ ದುಡ್ಡಿಗೋ ಊರಿಗೆ ಕಳಿಸಬೇಕಾದ ದುಡ್ಡಿಗೋ ಕೈ ಹಾಕಿದ್ದರೆ, ಬ್ಯಾಂಕ್ ಸ್ಟೇಟ್‌ಮೆಂಟನ್ನು ಹೆಂಡತಿಗೋ ಗಂಡನಿಗೋ ಕಾಣದಂತೆ ಇಡುತ್ತಿದ್ದರೆ, ಸ್ನೇಹಿತರಲ್ಲಿ ಬೇರೆ ಕಾರಣ ಹೇಳಿ ಸಾಲ ಕೇಳಿದ್ದರೆ ಆಗಲೇ ತಡವಾಗಿದೆ. ಮನೆ ಸಾಲಕ್ಕೆ ಅರ್ಜಿ ಹಾಕಿದಾಗ ಬ್ಯಾಂಕಿನವರು ಅದೇ ಸ್ಟೇಟ್‌ಮೆಂಟನ್ನು ಸಾಲು ಸಾಲಾಗಿ ಓದುತ್ತಾರೆಂಬುದೂ ನೆನಪಿರಲಿ.

ಜೂಜಿನ ತೊಂದರೆಯ ಬಗ್ಗೆ ಮಾತಾಡಲು 1800 858 858 ಎಂಬ ಸಹಾಯವಾಣಿಯಿದೆ; ದಿನದ 24 ಗಂಟೆಯೂ ಉಚಿತ, ಗೋಪ್ಯ. ಸಾಲದ ತೊಡಕಿಗೆ 1800 007 007. ಇಂಗ್ಲಿಷಿನಲ್ಲಿ ಹೇಳಿಕೊಳ್ಳಲು ಕಷ್ಟವಾದರೆ 131 450ಕ್ಕೆ ಕರೆ ಮಾಡಿ ಕನ್ನಡ ದುಭಾಷಿಯನ್ನು ಕೇಳಬಹುದು. ಕರೆ ಮಾಡುವವರು ಜೂಜಾಡುವವರೇ ಆಗಬೇಕಿಲ್ಲ; ಅವರ ಹೆಂಡತಿ, ಗಂಡ, ಅಪ್ಪ ಅಮ್ಮ ಮಾಡಿದರೂ ಅದೇ ನೆರವು ಸಿಗುತ್ತದೆ.